ಕಿನ್ನಿಅರಸುಕಟ್ಟೆಯಲ್ಲಿ ಕೊಡೆ ಬಿಡಿಸಬಾರದು

ಮೊನ್ನೆ ಪುತ್ತೂರಿನ ಪೇಟೆಯಲ್ಲಿ ನಾನೊಂದು ಪೆದ್ದುತನ ಮಾಡಿದೆ. ನಡುಮಧ್ಯಾಹ್ನದ ಬಿಸಿಲು, ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಬಟನು ಒತ್ತಿದರೆ ಪಟ್ಟೆಂದು ಬಿಚ್ಚುವ ಹೂಹೂವಿನ ಕೊಡೆ. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ತೆರೆದ ಒಂದು ಬೇಕರಿಯ ಎದುರು ಬಂದದ್ದೇ ತಡ, ನನ್ನ ಕೈ ತಾನಾಗಿಯೇ ಕೊಡೆಯನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡಿತು. ತಲೆ ಎತ್ತಿ ನೋಡಿದರೆ ಬೋರ್ಡಿನಲ್ಲಿ 'ಯುವರಾಜ ಬೇಕರಿ' ಎಂದಿದೆ, ಪಕ್ಕದಲ್ಲಿ ಕಿರೀಟ ತೊಟ್ಟ ಒಂದು ಪಫ್ಸಿನ ಚಿತ್ರ. ಒಳಗಿದ್ದ ಹುಡುಗಿ "ಬನ್ನಿ ಅಮ್ಮಾ, ಎಂತ ಬೇಕು?" ಎಂದಳು. ಕೊಡೆ ಮಡಚಿದವರು ಒಳಗೆ ಬರುವವರೇ ಎಂದು ಅವಳ ಅಂದಾಜು. ನಾಚಿಕೆಗೆ ಎರಡು ಬನ್ನು ಕಟ್ಟಿಸಿಕೊಂಡು ಬಂದೆ. ಮನೆಯಲ್ಲಿ ನಮ್ಮ ಯಜಮಾನರು ಪೊಟ್ಟಣ ನೋಡಿ, "ಬನ್ನು ಎಂತಕ್ಕೆ? ಜ್ವರ ಯಾರಿಗೆ?" ಎಂದು ಕೇಳಿದರು.

ಜ್ವರ ಯಾರಿಗೂ ಇರಲಿಲ್ಲ. ಇದು ಜ್ವರಕ್ಕಿಂತ ಹಳೆಯ ಕಾಯಿಲೆ. ರಾಜಕುಮಾರರ ಹೆಸರು ಕಂಡಲ್ಲಿ ಕೊಡೆ ಮಡಚುವುದು ನನ್ನ ಬಾಲ್ಯ ನನಗೆ ಅಂಟಿಸಿದ ರೋಗ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ, ನೂರಾರು ರಾಜರನ್ನು ಪಟ್ಟಕ್ಕೇರಿಸಿ ಇಳಿಸಿದ ಮೇಲೂ ಅದು ಹೋಗಿಲ್ಲ ಎಂದರೆ ಇನ್ನು ಹೋಗುವುದಿಲ್ಲ ಎಂದೇ ಅರ್ಥ.

ಸವಣೂರಿನಿಂದ ಕಡಬದ ಕಡೆಗೆ ಹೋಗುವಾಗ ರಸ್ತೆ ಒಂದು ಕಡೆ ಮೈ ಬಳುಕಿಸಿ ಏರುತ್ತದೆ. ಸುಬ್ರಹ್ಮಣ್ಯಕ್ಕೆ ಹೋಗುವ ಯಾತ್ರಿಕರು ಆ ಹೊತ್ತಿಗೆ ಬಸ್ಸಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿರುವುದರಿಂದ ಅವರು ಅದನ್ನು ನೋಡಿರುವುದಿಲ್ಲ. ಅಲ್ಲಿ ಎಡಬದಿಗೆ ಸೊಂಟದೆತ್ತರದ ಒಂದು ಕಲ್ಲಿನ ಕಟ್ಟೆ ಇದೆ. ಅದೇ ಕಿನ್ನಿಅರಸುಕಟ್ಟೆ. ತುಳುವಿನಲ್ಲಿ ಕಿನ್ನಿ ಎಂದರೆ ಚಿಕ್ಕದು. ಕಿನ್ನಿಅರಸು ಎಂದರೆ ಚಿಕ್ಕ ಅರಸು. ನನ್ನ ಪಾಠಪುಸ್ತಕದ ಭಾಷೆಯಲ್ಲಿ ರಾಜಕುಮಾರ. ಕಂಡಕ್ಟರರಿಗೆ ಅಷ್ಟುದ್ದದ ರಾಜಮರ್ಯಾದೆಗೆ ಪುರುಸೊತ್ತಿಲ್ಲ. "ಕಟ್ಟೆ, ಕಟ್ಟೆ, ಇಳೀರಿ" ಎಂದು ಬಾಗಿಲು ಬಡಿಯುತ್ತಾರೆ.

ಕಟ್ಟೆ ಎಂದ ಮೇಲೆ ಅದರ ನಡುವೆ ಒಂದು ಅಶ್ವತ್ಥವೋ ಮಾವೋ ಇರಬೇಕಲ್ಲ? ಇದಕ್ಕೆ ಇಲ್ಲ. ಬೋಳು ಆಕಾಶದ ಕೆಳಗೆ ಬೋಳು ಕಟ್ಟೆ. ಈಚೆ ಒಂದು ಹಾಲೆಮರ, ಆಚೆ ರಸ್ತೆಯಡಿ ನೀರು ಹೋಗುವ ಮೋರಿ. ಇವೆರಡರ ನಡುವೆ ಹೆಚ್ಚೆಂದರೆ ಮೂವತ್ತು ಹೆಜ್ಜೆ. ಆ ಮೂವತ್ತು ಹೆಜ್ಜೆಯಲ್ಲಿ ಯಾರೂ ಕೊಡೆ ಬಿಡಿಸಬಾರದು. ಬಿಡಿಸಿಕೊಂಡು ಬಂದವರು ಹಾಲೆಮರದ ಹತ್ತಿರ ಮಡಚಿ, ಮೋರಿ ದಾಟಿದ ಮೇಲೆ ಮತ್ತೆ ಬಿಡಿಸಬೇಕು. ಇದು ನಮ್ಮೂರಿನ ಕಾನೂನು.

ಕಾನೂನು ಬಂದ ಕತೆಯನ್ನು ನನಗೆ ಹೇಳಿದವರು ಅಜ್ಜಿ. ಹಿಂದೆ ನಮ್ಮ ಸೀಮೆಯಲ್ಲಿ ಒಬ್ಬ ಅರಸನಿದ್ದನಂತೆ. ಯಾವ ಅರಸು, ಯಾವ ಕಾಲ ಎಂದು ಕೇಳಿದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು. "ನಿನಗೆ ಕತೆ ಬೇಕಾ, ಜಾತಕ ಬೇಕಾ?" ಎನ್ನುತ್ತಿದ್ದರು. ಆ ಅರಸನಿಗೆ ಒಬ್ಬ ಮಗ, ಒಬ್ಬ ಅಳಿಯ, ಎಂದರೆ ಅಕ್ಕನ ಮಗ. ಇಬ್ಬರೂ ಒಂದೇ ಪ್ರಾಯದವರು, ಒಂದೇ ಬಟ್ಟಲಲ್ಲಿ ಉಂಡವರು. ನಮ್ಮದು ಅಳಿಯಸಂತಾನದ ನಾಡು. ಅರಸ ತೀರಿಕೊಂಡಾಗ ಗದ್ದಿಗೆ ಅಳಿಯನಿಗೆ ಹೋಯಿತು; ಮಗ ತಾಯಿಯ ಜೊತೆ ತಾಯಿಮನೆಗೆ ಹೊರಟ. ಈ ತಿರುವಿಗೆ ಬಂದಾಗ ಹುಡುಗ ಕಲ್ಲಿನ ಮೇಲೆ ಕೂತುಬಿಟ್ಟ. ಇಲ್ಲಿಂದ ಅರಮನೆಯ ಮಾಡು, ಅದರ ಸೂರು, ಕಾಣುತ್ತದೆ, ಇನ್ನೊಂದು ಹೆಜ್ಜೆ ಇಟ್ಟರೆ ಕಾಣುವುದಿಲ್ಲ, ಆದ್ದರಿಂದ ಏಳುವುದಿಲ್ಲ ಎಂದ. ಸುದ್ದಿ ಹೋಗಿ ಹೊಸ ಅರಸು ಬಂದ, ಬೆಳ್ಗೊಡೆಯ ಕೆಳಗೆ. ನೋಡಿದರೆ ನಿನ್ನೆಯವರೆಗೆ ಜೊತೆಯಲ್ಲಿ ಆಡಿದವನು ಸುಡುಬಿಸಿಲಲ್ಲಿ ಕೂತಿದ್ದಾನೆ. ಹೊಸ ಅರಸು ಏನು ಮಾಡಬೇಕು? ಗದ್ದಿಗೆ ಕೊಡುವಂತಿಲ್ಲ, ಅದು ಅವನ ಕೈಯಲ್ಲಿಲ್ಲ. ಕೊಡೆ ಹಿಡಿದವನಿಗೆ "ಮಡಚು" ಎಂದ. ತಾನೂ ಬಿಸಿಲಲ್ಲಿ ನಿಂತ. "ಇನ್ನು ಮುಂದೆ ನಿನ್ನೆದುರು ಯಾರೂ ಕೊಡೆ ಬಿಡಿಸಲಿಕ್ಕಿಲ್ಲ, ನಾನೂ ಬಿಡಿಸಲಿಕ್ಕಿಲ್ಲ" ಎಂದ. ಆಗ ಹುಡುಗ ಎದ್ದು, ಮುಖ ಒರೆಸಿಕೊಂಡು, ತಾಯಿಯ ಹಿಂದೆ ಹೋದ.

"ಮತ್ತೆ ಎಂತಾಯ್ತು ಅಜ್ಜೀ?"

"ಮತ್ತೆ ಎಂತ ಆಗುದು? ಹೋದ."

ಅಷ್ಟೇ ಕತೆ. ಯುದ್ಧವಿಲ್ಲ, ಸೇಡಿಲ್ಲ, ಮರಳಿ ಬಂದು ರಾಜ್ಯ ಗೆಲ್ಲುವುದಿಲ್ಲ. ನನಗೆ ಬಹಳ ನಿರಾಸೆಯಾಗಿತ್ತು. ಮುಂದೆ ಮೇಡಂ ಆದ ಮೇಲೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿ ಕೇಳಿದಳು: "ಟೀಚರ್, ರಾಜ ಆಗದ ರಾಜಕುಮಾರರೆಲ್ಲ ಎಂತ ಮಾಡ್ತಾರೆ?" ಪುಸ್ತಕದಲ್ಲಿ ಉತ್ತರ ಇರಲಿಲ್ಲ. ನಮ್ಮ ಸೀಮೆ ಸುತ್ತಿದರೆ ಸಿಗುತ್ತದೆ. ಒಂದು ಅರಮನೆಗದ್ದೆ, ಇನ್ನೊಂದು ಪಟ್ಟದ ಬೈಲು, ಮತ್ತೊಂದು ಕಡೆ ಅರಸುಕಟ್ಟೆ. ಅರಸ ಇಲ್ಲ, ಅರಮನೆ ಇಲ್ಲ, ಬಸ್ಸು ಮಾತ್ರ ನಿಲ್ಲುತ್ತದೆ. ಗೆದ್ದವರು ಪಾಠವಾಗುತ್ತಾರೆ, ಉಳಿದವರು ಬಸ್‌ಸ್ಟಾಪ್ ಆಗುತ್ತಾರೆ ಎಂದು ಅವಳಿಗೆ ಹೇಳಿದೆ. ಅವಳು ಅದನ್ನು ಪರೀಕ್ಷೆಯಲ್ಲಿ ಬರೆದಳು. ಅರ್ಧ ಅಂಕ ಕೊಟ್ಟೆ.

ಕಾನೂನೆಂದ ಮೇಲೆ ಸಂದುಗೊಂದು ಇರಲೇಬೇಕು. ಮಳೆಗಾಲದಲ್ಲಿ ಎಂತ ಮಾಡುವುದು? ಊರವರು ಯೋಚಿಸಿ ಇಟ್ಟಿದ್ದರು. ಕಿನ್ನಿಅರಸನ ಎದುರು ನಿಷೇಧವಿರುವುದು ಕೊಡೆಗೆ. ಬೆನ್ನಿಗೆ ಹಾಕಿಕೊಳ್ಳುವ ಓಲೆಯ ಗೊರಬಿಗೆ ಅಲ್ಲ. ಗೊರಬು ಹೋಗಿ ಪ್ಲಾಸ್ಟಿಕ್ ಬಂದಾಗ ಅದನ್ನೂ ಗೊರಬಿನ ಲೆಕ್ಕಕ್ಕೇ ಸೇರಿಸಿದರು. ಕೊಡೆ ಮಾತ್ರ ಇದ್ದವರು ಮೂವತ್ತು ಹೆಜ್ಜೆ ಓಡುತ್ತಿದ್ದರು. ಮದುವೆಗೆ ಹೊರಟ ಪಟ್ಟೆಸೀರೆಯ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುವುದನ್ನು ನಾನು ನೋಡಿದ್ದೇನೆ. ಘಟ್ಟದ ಮೇಲಿನಿಂದ ಬಂದ ಒಬ್ಬ ಹೆಡ್‌ಮಾಸ್ತರರು ಮಾತ್ರ "ಮೂಢನಂಬಿಕೆ" ಎಂದು ಕೊಡೆ ಬಿಡಿಸಿಯೇ ನಡೆದರು. ಆ ಮಳೆಗಾಲದಲ್ಲಿ ಅವರಿಗೆ ಶೀತವಾಗಲಿಲ್ಲ. ಕೊಡೆ ಮಡಚಿ ಓಡಿದ ನಮಗೆಲ್ಲ ಆಯಿತು. ಆದರೂ ಊರು ಅವರ ಪರ ವಹಿಸಲಿಲ್ಲ. ಈಗಿನವರಿಗೆ ಬೈಕು, ಕಾರು, ಕೊಡೆಯೇ ಕಡಿಮೆ. ಹೆಲ್ಮೆಟ್ಟು ತೆಗೆಯಬೇಕೋ ಬೇಡವೋ ಎಂಬ ಚರ್ಚೆ ಎದ್ದು, ತೆಗೆದರೆ ಪೊಲೀಸರು ಹಿಡಿಯುತ್ತಾರೆ, ಕಿನ್ನಿಅರಸು ಹಿಡಿಯುವುದಿಲ್ಲ ಎಂದು ತೀರ್ಮಾನವಾಯಿತಂತೆ.

ಇಷ್ಟೆಲ್ಲ ತಮಾಷೆಯಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನದ್ದನ್ನು ಹೇಳಲು ಐವತ್ತು ವರ್ಷ ದಾಟಿದರೂ ನಾಲಿಗೆ ಹಿಂದೆಗೆಯುತ್ತದೆ. ಆ ಕಟ್ಟೆಯಲ್ಲಿ ಕೊಡೆ ಮಡಚದೆ ನಿಂತವರು ಹೆಡ್‌ಮಾಸ್ತರರು ಒಬ್ಬರೇ ಅಲ್ಲ. ಇನ್ನೊಬ್ಬಳು ನಾನು.

ನಮ್ಮ ಮನೆ ಕಟ್ಟೆಯಿಂದ ಕೂಗಳತೆಯಲ್ಲಿತ್ತು. ನಾನು ಬೆಳೆದದ್ದು ನಮ್ಮ ಕ್ರಮದಂತೆ ಅಮ್ಮನ ಮನೆಯಲ್ಲಿ. ಮನೆಯ ಯಜಮಾನರು ಅಮ್ಮನ ಅಣ್ಣ, ನನ್ನ ಮಾವ. ಅವರ ಹೆಂಡತಿ ನನಗೆ ಮಾಮಿ. ಅವರಿಗೆ ಒಬ್ಬನೇ ಮಗ ಸಂಜೀವ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ನನಗೆ ಭಾವ. ಮಾವ ನನ್ನನ್ನೂ ಸಂಜೀವನನ್ನೂ ಒಂದೇ ಕೊಡೆಯ ಕೆಳಗೆ ಶಾಲೆಗೆ ಬಿಡುತ್ತಿದ್ದರು. ಅದು ಮೂರು ಮಂದಿ ನಿಂತರೂ ನೆನೆಯದ ಕರಿ ಕೊಡೆ. ಬಾಗಿದ ಬೆತ್ತದ ಹಿಡಿ, ಹಿಡಿಗೆ ಹಿತ್ತಾಳೆಯ ಬಳೆ, ಕಳೆದುಹೋಗಬಾರದೆಂದು ಬಟ್ಟೆಯ ಮೇಲೆ ಬಿಳಿ ಪೈಂಟಿನಲ್ಲಿ ಮಾವನ ಹೆಸರಿನ ಅಕ್ಷರಗಳು. ಹಾಲೆಮರ ಬಂದಾಗ ಮಾವ ಅದನ್ನು ಮಡಚಿ ನನ್ನ ಕೈಗೋ ಸಂಜೀವನ ಕೈಗೋ ಕೊಡುತ್ತಿದ್ದರು. ಮೋರಿಯವರೆಗೆ ಅದನ್ನು ಹೊರುವುದು ದೊಡ್ಡ ಪದವಿ. ನಿನ್ನೆ ನಿನ್ನದಾಯಿತು, ಇವತ್ತು ನನ್ನದು ಎಂದು ನಾವು ಬೆಳಗ್ಗೆಯೇ ಜಗಳ ಮುಗಿಸಿಕೊಳ್ಳುತ್ತಿದ್ದೆವು.

ಮನೆಯ ಎಲ್ಲ ಕಾರ್ಯಗಳೂ ಅಳಿಯಂದಿರದ್ದು. ಒಂದು ಮಾತ್ರ ಯಜಮಾನರ ಮಗನದ್ದು: ಪ್ರತಿ ತಿಂಗಳ ಸಂಕ್ರಮಣಕ್ಕೆ ಕಿನ್ನಿಅರಸನ ಕಟ್ಟೆಯ ಮೇಲೆ ಒಂದು ಮುಷ್ಟಿ ಕೇಪುಳ ಹೂ ಇಡುವುದು. ಮಗನ ಕಟ್ಟೆಗೆ ಮಗನೇ ಹೂ ಇಡಬೇಕು, ಅಳಿಯ ಇಟ್ಟರೆ ಕಿನ್ನಿಅರಸು ಮುಖ ತಿರುಗಿಸುತ್ತಾನೆ ಎಂದು ಅಜ್ಜಿ ಹೇಳುತ್ತಿದ್ದರು. ಸಂಜೀವ ಗುಡ್ಡೆಯಿಂದ ಕೆಂಪು ಕೇಪುಳ ಕೊಯ್ದು ತಂದು, ಗಂಭೀರ ಮುಖ ಮಾಡಿ ಇಡುತ್ತಿದ್ದ. ನನಗೆ ಹೊಟ್ಟೆಕಿಚ್ಚು. ಒಮ್ಮೆ ಗುಟ್ಟಾಗಿ ನಾನೂ ನಾಲ್ಕು ಹೂ ಇಟ್ಟು, ಕಿನ್ನಿಅರಸು ಮುಖ ತಿರುಗಿಸುತ್ತಾನೋ ಎಂದು ಕಾದು ನೋಡಿದೆ. ಒಂದು ದನ ಬಂದು ತಿಂದಿತು.

ಹಿರಿಯರಿಗೆ ಇನ್ನೊಂದು ಲೆಕ್ಕಾಚಾರ ಇತ್ತು. "ಸಂಜೀವ ಈ ಮನೆಯಲ್ಲೇ ಉಳೀಬೇಕಾದ್ರೆ ಒಂದೇ ದಾರಿ ಉಂಟು, ಇವಳನ್ನು ಮದುವೆ ಆಗುದು" ಎಂದು ಜಗಲಿಯಲ್ಲಿ ಕೂತು ಎಲೆ ತಿನ್ನುತ್ತಾ ತಮಾಷೆ ಮಾಡುತ್ತಿದ್ದರು. ಸಂಜೀವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವಳನ್ನಾ? ನಾನು ಸಂಪಾಜೆಗೆ ಹೋಗ್ತೇನೆ" ಎಂದಿದ್ದ. ಮಾಮಿಯ ತಾಯಿಮನೆ ಸುಳ್ಯದಿಂದಾಚೆ ಸಂಪಾಜೆಯ ಹತ್ತಿರ. ಎಲ್ಲರೂ ನಕ್ಕರು. ಮಾಮಿ ನಗಲಿಲ್ಲ ಎಂಬುದು ನನಗೆ ಈಗ ನೆನಪಾಗುತ್ತದೆ, ಆಗ ಕಂಡಿರಲಿಲ್ಲ.

ನನಗೆ ಹನ್ನೊಂದು ಆದ ವರ್ಷ ಮಾವ ತೀರಿಕೊಂಡರು. ಗದ್ದೆಗೆ ಹೋದವರು ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತರು, ಏಳಲಿಲ್ಲ. ಉತ್ತರಕ್ರಿಯೆಯ ಬೊಜ್ಜದ ದಿನ ಬಂದ ನೆಂಟರೆಲ್ಲ ನನ್ನ ತಲೆ ಸವರಿ, "ಇನ್ನು ಎಲ್ಲ ಇವಳ ಸಂತಾನಕ್ಕೇ ಅಲ್ವಾ" ಎಂದರು. ಆಸ್ತಿಯ ಸರಕಾರಿ ಕಾನೂನು ಆಗಲೇ ಬದಲಾಗಿತ್ತಂತೆ. ನಮ್ಮ ಮನೆಗೆ ಕಾನೂನು ಬರುವ ಬಸ್ಸು ತಡ. ಯಜಮಾನಿಕೆ ಮದುವೆಯಾಗದೆ ಪುತ್ತೂರಿನಲ್ಲಿದ್ದ ಚಿಕ್ಕಮಾವನಿಗೆ ಬಂತು. ಮಾಮಿಗೆ ಯಾರೂ ಹೋಗಿ ಎನ್ನಲಿಲ್ಲ. ಇರಿ ಎಂದೂ ಯಾರೂ ಹೇಳಲಿಲ್ಲ. ಬೊಜ್ಜ ಕಳೆದ ಮೂರನೆಯ ದಿನ ಮಾಮಿ ಒಂದು ಟ್ರಂಕು, ಒಂದು ಚೀಲ ಹಿಡಿದು ಮಗನ ಜೊತೆ ಬಸ್ಸಿಗೆ ಹೊರಟರು.

ಅಮ್ಮ ಒಳಗಿನಿಂದ ಮಾವನ ಕೊಡೆ ತಂದು ನನ್ನ ಕೈಗೆ ಕೊಟ್ಟರು. ಅವರ ಕಣ್ಣು ಕೆಂಪಾಗಿತ್ತು. "ಇದನ್ನು ಸಂಜೀವನ ಕೈಗೆ ಕೊಡು. ಅಪ್ಪನದ್ದು ಅಂತ ಇದೊಂದಾದ್ರೂ ಇರ್ಲಿ ಅವನಿಗೆ. ನಾನು ಕೊಟ್ರೆ ಅತ್ತಿಗೆಗೆ ಬೇಜಾರಾದೀತು, ನೀನು ಕೊಡು" ಎಂದರು.

ನಾನು ಕೊಡೆ ಹಿಡಿದು ಅವರ ಹಿಂದೆ ಓಡಿದೆ. ಬಿಸಿಲಿತ್ತು, ಕೊಡೆ ಬಿಡಿಸಿದೆ. ಮೊದಲ ಬಾರಿ ಅದರ ಕೆಳಗೆ ನಾನೊಬ್ಬಳೇ. ಹಾಲೆಮರ ಬಂತು. ನಾನು ಮಡಚಲಿಲ್ಲ. ಕಟ್ಟೆಯ ಮೇಲೆ ಮಾಮಿ ಟ್ರಂಕಿನ ಪಕ್ಕ ಕೂತಿದ್ದರು, ಸಂಜೀವ ಬಿಸಿಲಲ್ಲಿ ನಿಂತು ನಮ್ಮ ಮನೆಯ ಕಡೆ ನೋಡುತ್ತಿದ್ದ. ಅಲ್ಲಿಂದ ಮಾಡಿನ ತುದಿ ಕಾಣುತ್ತಿತ್ತು. ನಾನು ಅವನ ಎದುರು ಕೊಡೆ ಬಿಡಿಸಿಕೊಂಡೇ ನಿಂತೆ. ಅವನು ಕೊಡೆ ನೋಡಿದ, ನನ್ನನ್ನು ನೋಡಿದ. ಬಸ್ಸು ಬಂತು. ಅವನು ಟ್ರಂಕು ಎತ್ತಿ ಕೊಟ್ಟು ಹತ್ತಿದ. ಕೊಡೆ ನನ್ನ ಕೈಯಲ್ಲೇ ಉಳಿಯಿತು.

ಅಳು ಕಾಣಬಾರದೆಂದು ಕೊಡೆಯ ಕೆಳಗೆ ನಿಂತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ಸತ್ಯ. ಎಂಟನೆಯ ತರಗತಿಯ ಆ ಹುಡುಗಿಗೆ ಕೊಟ್ಟಂತೆ ನನಗೂ ಅರ್ಧ ಅಂಕ. ಇನ್ನರ್ಧ ಹೇಳಿಬಿಡುತ್ತೇನೆ: ಮೂರು ದಿನದಿಂದ "ಎಲ್ಲ ಇವಳದ್ದೇ" ಎಂದು ಕೇಳಿ ಕೇಳಿ ನನ್ನ ತಲೆ ತಿರುಗಿತ್ತು. ಎಲ್ಲ ನನ್ನದಾದ ಮೇಲೆ ಕೊಡೆ ಮಾತ್ರ ಯಾಕೆ ಅವನದ್ದು ಎಂದು ನನಗೆ ಅನ್ನಿಸಿತು. ಮನೆಗೆ ಬಂದಾಗ ಅಮ್ಮ, "ಕೊಟ್ಟಿಯಾ?" ಎಂದು ಕೇಳಿದರು, ಕೊಡೆ ನನ್ನ ಕೈಯಲ್ಲಿ ಇರುವುದನ್ನು ನೋಡಿಕೊಂಡೇ. "ಬೇಡ ಅಂತ ಹೇಳಿದ" ಎಂದೆ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಸ್ವಾಭಿಮಾನ, ಅಪ್ಪನ ಹಾಗೆ" ಎಂದರು. ಸಾಯುವವರೆಗೂ ಸಂಜೀವನ ಮಾತು ಬಂದಾಗೆಲ್ಲ ಅವರು ಇದನ್ನು ಮೆಚ್ಚುಗೆಯಿಂದ ಹೇಳುತ್ತಿದ್ದರು. ಒಮ್ಮೊಮ್ಮೆ ನನ್ನ ಮಕ್ಕಳಿಗೂ ಹೇಳಿದ್ದುಂಟು.

ಕೊಡೆಯನ್ನು ನಾನು ಮತ್ತೆ ಹಿಡಿಯಲಿಲ್ಲ. ಮದುವೆಯಾಗಿ ಪುತ್ತೂರಿಗೆ ಬಂದಾಗ ಸೀರೆಗಳ ಅಡಿಯಲ್ಲಿ ತಂದೆ. ಬಾಡಿಗೆ ಮನೆ ಮೂರು ಬದಲಿಸಿದೆವು, ಪ್ರತಿಸಲವೂ ನಮ್ಮ ಯಜಮಾನರು "ಈ ಹಳೆ ಕೊಡೆ ಎಂತಕ್ಕೆ?" ಎಂದು ಕೇಳುವುದು, ನಾನು "ಇರ್ಲಿ" ಎನ್ನುವುದು. ನಮ್ಮ ಮನೆ ಪಾಲಾಯಿತು, ಮಾಡು ಇಳಿಯಿತು, ನಡುವಿನ ಗುಡ್ಡೆಗೆ ರಬ್ಬರು ಬಂದು ಕಟ್ಟೆಯಿಂದ ಈಗ ಏನೂ ಕಾಣುವುದಿಲ್ಲ. ತಂಗಿ ತನ್ನ ಪಾಲಿನ ಜಾಗದಲ್ಲಿ ತಾರಸಿ ಮನೆ ಕಟ್ಟಿಕೊಂಡಿದ್ದಾಳೆ. ಚಿಕ್ಕಮಾವನಿಗೆ ಮಗನಿಲ್ಲದ್ದರಿಂದ ಕಿನ್ನಿಅರಸನಿಗೆ ಹೂವೂ ನಿಂತಿತು.

ಸಂಜೀವ ಭಾವ ಸಂಪಾಜೆ ಘಾಟಿಯಲ್ಲಿ ಜೀಪು ಓಡಿಸಿ, ಆಮೇಲೆ ಗ್ಯಾರೇಜು ಹಾಕಿ, ಮಕ್ಕಳನ್ನು ದಡ ಮುಟ್ಟಿಸಿದ ಎಂದು ಕೇಳುತ್ತಿದ್ದೆ. ಪುತ್ತೂರಿನದೋ ಸುಳ್ಯದದೋ ಮದುವೆ ಹಾಲುಗಳಲ್ಲಿ ವರ್ಷಕ್ಕೊಮ್ಮೆ ಸಿಗುತ್ತಿದ್ದ. ಚಿಕ್ಕಂದಿನಲ್ಲಿ "ನೀನು" ಎನ್ನುತ್ತಿದ್ದವಳು ಯಾವಾಗಲೋ "ನೀವು" ಎನ್ನಲು ಶುರು ಮಾಡಿದ್ದೆ. "ಊಟ ಆಯ್ತಾ?" "ಆಯ್ತು, ಪಾಯಸ ಒಳ್ಳೆದುಂಟು." ಇಷ್ಟರಲ್ಲಿ ನಮ್ಮ ಸಂಬಂಧ ಮುಗಿಯುತ್ತಿತ್ತು. ಪ್ರತಿಸಲವೂ ಕೊಡೆಯ ಮಾತು ಗಂಟಲಿಗೆ ಬಂದು, ಪಾಯಸದ ಜೊತೆ ಕೆಳಗೆ ಹೋಗುತ್ತಿತ್ತು.

ಬೇಕರಿಯ ಬನ್ನು ತಿಂದು ಮುಗಿದ ಮರುದಿನ ಫೋನು ಬಂತು. ಆ ಕಡೆ ನಮ್ಮೂರಿನ ಪಂಚಾಯತ್ ಮೆಂಬರು ಶ್ರೀಲತಾ, ಹಿಂದೆ ನನ್ನ ವಿದ್ಯಾರ್ಥಿನಿ.

"ಟೀಚರ್, ಕಟ್ಟೆಯ ಹತ್ರ ಬಸ್ಸಿನ ತಂಗುದಾಣ ಮಂಜೂರಾಗಿದೆ. ಇಂಜಿನಿಯರ್ ಕಟ್ಟೆಯ ಮೇಲೇ ಗುರ್ತು ಹಾಕಿದ್ದಾರೆ. ಈಗ ಊರವರದ್ದು ಒಂದು ರಗಳೆ."

"ಎಂತ ರಗಳೆ?"

"ತಂಗುದಾಣಕ್ಕೆ ಮಾಡು ಇರ್ತದಲ್ಲ ಟೀಚರ್. ಕಿನ್ನಿಅರಸನ ಎದುರು ಅದು ಮಡಚ್ಲಿಕ್ಕೆ ಆಗದ ಕೊಡೆ ಅಂತ ಹೇಳ್ತಾರೆ. ನೀವು ಆ ಮನೆಯವರು, ಹಿಸ್ಟರಿಯೂ ಕಲಿತವರು. ನೀವು ಒಂದು ಮಾತು ಹೇಳಿದ್ರೆ ಮುಗೀತದೆ."

ಮಾತು ಹೇಳುವ ಹಕ್ಕು ನನಗಿಲ್ಲ ಎಂದು ಅವಳಿಗೆ ಹೇಳಿದೆ. ಆ ಕಟ್ಟೆಯ ವಿಷಯದಲ್ಲಿ ಮಾತು ಮಗನದ್ದು, ಅಳಿಯಸಂತಾನದವರದ್ದಲ್ಲ. ಹೇಳಿದ ಮೇಲೆ ಇನ್ನು ತಪ್ಪಿಸಿಕೊಳ್ಳುವಂತಿಲ್ಲ ಎಂದು ಗೊತ್ತಾಯಿತು. ಸಂಜೀವ ಭಾವನ ನಂಬರು ಹುಡುಕಿ ಫೋನು ಮಾಡಿದೆ.

"ಭಾವ, ನಾನು ಸುಮತಿ."

"ಓ ಟೀಚರ್ರಾ! ಎಂತ, ಯಾರ ಮದುವೆ?"

"ಮದುವೆ ಅಲ್ಲ. ಕಟ್ಟೆಯ ಹತ್ರ ನೀವೊಮ್ಮೆ ಬರ್ಬೇಕಿತ್ತು."

ವಿಷಯ ಹೇಳಿದೆ. "ಯಾವ ಬಸ್ಸು ಸಿಗ್ತದೆ ಈಗ ಅಲ್ಲಿಗೆ?" ಎಂದು ಕೇಳಿದ.

ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಅವನು ಬಸ್ಸಿಳಿದ. ಕಣ್ಣಿಗೆ ಕಪ್ಪು ಕನ್ನಡಕ. ಪೊರೆಯ ಆಪರೇಷನ್ ಆಗಿ ತಿಂಗಳಾಗಿತ್ತಂತೆ. ನಾನು ತಂಗಿಯ ಮನೆಯಿಂದ ನಡೆದು ಬಂದು ಹಾಲೆಮರದ ಬುಡದಲ್ಲಿ ನಿಂತಿದ್ದೆ. ಕೊಡೆಯನ್ನು ಹಳೆಯ ಟವಲಿನಲ್ಲಿ ಸುತ್ತಿ ಹಿಡಿದುಕೊಂಡಿದ್ದೆ.

ಶ್ರೀಲತಾ ಟೇಪು ಹಿಡಿದು ಕಾಯುತ್ತಿದ್ದಳು. ಸಂಜೀವ ಭಾವ ಮೊದಲು ರಸ್ತೆ ದಾಟಿ ಗುಡ್ಡೆಯ ಬದಿಗೆ ಹೋದ. ರಬ್ಬರಿನ ಅಂಚಿನಲ್ಲಿ ಇನ್ನೂ ಎರಡು ಕೇಪುಳದ ಗಿಡ ಉಳಿದಿದ್ದವು. ಒಂದು ಮುಷ್ಟಿ ಹೂ ಕೊಯ್ದು ತಂದು, ಕಟ್ಟೆಯ ಮೇಲಿನ ಕೆಂಪು ಪೈಂಟಿನ ಗುರುತಿನ ಪಕ್ಕದಲ್ಲಿಟ್ಟ. ಮುಖದಲ್ಲಿ ಅದೇ ಹಳೆಯ ಗಾಂಭೀರ್ಯ. ಮತ್ತೆ ಶ್ರೀಲತಾಳ ಕಡೆ ತಿರುಗಿ, "ತಂಗುದಾಣ ಮಾಡಿ ಮಾರಾಯ್ತಿ, ಜನ ಬಿಸಿಲಲ್ಲಿ ಸಾಯುದು ಬೇಡ. ಆದ್ರೆ ಮೋರಿಯಿಂದ ಆಚೆ ಮಾಡಿ. ಇದು ಹೀಗೇ ಇರ್ಲಿ" ಎಂದ. ಅವಳು ಸಮಾಧಾನದಿಂದ ಟೇಪು ಎಳೆಯುತ್ತಾ ಮೋರಿಯ ಆಚೆ ಹೋದಳು. ಇಷ್ಟು ಸಣ್ಣ ತೀರ್ಪಿಗೆ ಊರು ಮೂರು ಮೀಟಿಂಗು ಮಾಡಿತ್ತು.

ನಾವಿಬ್ಬರೇ ಉಳಿದೆವು. ಅವನು ಅಭ್ಯಾಸದಿಂದ ನಮ್ಮ ಮನೆಯಿದ್ದ ದಿಕ್ಕಿಗೆ ನೋಡಿದ. "ಕಾಣುದಿಲ್ಲ ಅಲ್ವಾ ಈಗ" ಎಂದ.

ನಾನು ಟವಲು ಬಿಚ್ಚಿದೆ. ಹಿತ್ತಾಳೆಯ ಬಳೆ ಹಸಿರಾಗಿತ್ತು. ಅವನು ಕಪ್ಪು ಕನ್ನಡಕ ತೆಗೆದು ಹಣೆಗೇರಿಸಿ ಹತ್ತಿರ ಬಂದು ನೋಡಿದ.

"ಭಾವ, ಅವತ್ತು ಅಮ್ಮ ಇದನ್ನು ನಿನಗೆ ಕೊಡ್ಲಿಕ್ಕೆ ಕಳಿಸಿದ್ದು. ನಾನು ಕೊಡ್ಲಿಲ್ಲ. ಮಡಚ್ಲೂ ಇಲ್ಲ. ಮನೆಗೆ ಹೋಗಿ ನೀನು ಬೇಡ ಅಂತ ಹೇಳಿದಿ ಅಂತ ಸುಳ್ಳು ಹೇಳಿದೆ." ಎಷ್ಟೋ ವರ್ಷಗಳ ಮೇಲೆ ನೀನು ಎಂದಿದ್ದೆ. ನಾನು ಅತ್ತೆ. ಅವತ್ತಿನಂತೆ ಮರೆ ಇರಲಿಲ್ಲ.

ಅವನು ಕಟ್ಟೆಯ ಅಂಚಿಗೆ ಒರಗಿದ. ಮತ್ತೆ ಅವನ ಹೊಟ್ಟೆ ಕುಲುಕಿತು. ನಗುತ್ತಿದ್ದ.

"ನಿನಗೊಂದು ವಿಷಯ ಗೊತ್ತುಂಟಾ? ಅವತ್ತು ಮನೆಯಿಂದ ಹೊರಡುವಾಗ ನನ್ನಮ್ಮ ನನ್ನ ಕೈಯಿಂದ ಆಣೆ ಹಾಕಿಸಿದ್ರು. ಆ ಮನೆಯಿಂದ ಒಂದು ಕಡ್ಡಿ ತೆಕ್ಕೊಳ್ಳುದಿಲ್ಲ ಅಂತ. ನೀನು ಕೊಡೆ ಹಿಡ್ಕೊಂಡು ಓಡಿ ಬರುವಾಗ ನನಗೆ ಹೆದರಿಕೆ, ಎಲ್ಲಿ ಕೊಟ್ಟುಬಿಡ್ತಾಳೋ ಅಂತ. ಕೊಟ್ಟಿದ್ರೆ ಬೇಡ ಅಂತಲೇ ಹೇಳ್ಬೇಕಿತ್ತು. ಅಪ್ಪನ ಕೊಡೆ ಬೇಡ ಅಂತ ನನ್ನ ಬಾಯಲ್ಲಿ ಹೇಳ್ಬೇಕಿತ್ತು. ನೀನು ಕೊಡ್ಲಿಲ್ಲ. ಬಸ್ಸು ಹತ್ತಿ ನಾನು ಬಚಾವ್ ಅಂತ ಹೇಳ್ಕೊಂಡೆ."

"ಹಾಗಾದ್ರೆ ನಾನು ಅಮ್ಮನ ಹತ್ರ ಹೇಳಿದ್ದು..."

"ಸುಳ್ಳೆಂತದ್ದು? ನಾನು ಹೇಳ್ಬೇಕಾದ್ದನ್ನು ನೀನೇ ಹೇಳಿದ್ದು" ಎಂದ. ಮತ್ತೆ ಕೈ ಚಾಚಿದ. "ಈಗ ಕೊಡು. ಅಮ್ಮ ಹೋಗಿ ಹನ್ನೆರಡು ವರ್ಷ ಆಯ್ತು. ಆಣೆಯೂ ಅವರೊಟ್ಟಿಗೆ ಹೋಗಿರ್ಬಹುದು."

ಕೊಟ್ಟೆ. ಅವನು ಅದನ್ನು ಬಿಡಿಸಲಿಲ್ಲ. ಡಾಕ್ಟರು ಬಿಸಿಲಿಗೆ ಹೋಗಬೇಡಿ ಎಂದಿದ್ದರಂತೆ. ಆದರೂ ಮಡಚಿದ ಕೊಡೆಯನ್ನು ಎರಡು ಕೈಯಲ್ಲಿ ಅಡ್ಡ ಹಿಡಿದು, ಶಾಲೆಗೆ ಹೋಗುವಾಗ ಹೊರುತ್ತಿದ್ದಂತೆಯೇ ಮೋರಿಯವರೆಗೆ ನಡೆದ. ನಾನು ಹಿಂದೆ ಹೋದೆ. ಇವತ್ತು ಅವನ ಸರದಿ. ಮೋರಿ ದಾಟಿದ ಮೇಲೆ ಕೊಡೆಯ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ, ಗ್ಯಾರೇಜಿನವನ ಕೈಚಳಕದಲ್ಲಿ ನಿಧಾನವಾಗಿ ಬಿಡಿಸಿದ. ಬಟ್ಟೆಯನ್ನು ಹುಳ ತಿಂದಿತ್ತು. ಬಿಸಿಲು ತೂತುಗಳಿಂದ ನಮ್ಮ ಮೇಲೆ ಚುಕ್ಕೆಚುಕ್ಕೆಯಾಗಿ ಬಿದ್ದಿತು. ಬಿಳಿ ಅಕ್ಷರಗಳಲ್ಲಿ ಎರಡು ಮಾತ್ರ ಉಳಿದಿದ್ದವು. ಅವನು ಅದನ್ನು ತಲೆಯೆತ್ತಿ ನೋಡುತ್ತಾ, "ಬಾ ಇತ್ಲಾಗಿ, ಬಿಸಿಲಿಗೆ ನಿಲ್ಬೇಡ" ಎಂದ. ನಾನು ಅದರ ಕೆಳಗೆ ನಿಂತೆ. ಮೂರನೆಯವರ ಜಾಗ ಖಾಲಿಯಿತ್ತು.

ಸವಣೂರಿನ ಬಸ್ಸು ಬಂದಾಗ ಕೊಡೆ ಮಡಚಿ ಹತ್ತಿದ. ಕಂಡಕ್ಟರ್ ಆ ಹಳೆಯ ಕೊಡೆ ನೋಡಿ, "ಅಜ್ಜಾ, ಇದನ್ನು ರಿಪೇರಿಗಾ?" ಎಂದು ಕೇಳಿದ. "ಅಲ್ಲ, ಮನೆಗೆ" ಎಂದು ಸಂಜೀವ ಭಾವ ಹೇಳಿದ್ದು ನನಗೆ ಕೇಳಿಸಿತು.

ಬಸ್ಸು ಹೋದ ಮೇಲೆ ನಾನು ತಂಗಿಯ ಮನೆಗೆ ಹಿಂದೆ ತಿರುಗಿದೆ. ಹೂಹೂವಿನ ಕೊಡೆಯನ್ನು ಅಲ್ಲೇ ಬಿಟ್ಟು ಬಂದಿದ್ದೆ. ಮೋರಿ ಬಂದಾಗ ನನ್ನ ಕೈ ಅಭ್ಯಾಸದಂತೆ ಕೊಡೆಯ ಕಡೆ ಮೇಲೆ ಹೋಯಿತು. ಹಿಡಿದದ್ದು ಏನೂ ಇರಲಿಲ್ಲ, ಬರೀ ಬಿಸಿಲು. ಕೈ ಇಳಿಸಿ, ಕೇಪುಳ ಇಟ್ಟ ಕಟ್ಟೆಯ ಎದುರಿನಿಂದ ಹಾದು ಹೋದೆ, ಮಡಚಲು ನನ್ನಲ್ಲಿ ಇನ್ನೇನೂ ಉಳಿದಿರಲಿಲ್ಲ.